ರಾಯಚೂರು ಉಳಿದಿದ್ದರೆ? — ೧೫೬೫ರ ಸೋಲಿನ ಅನಂತರದ ಒಂದು ಊಹೆ

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ರಾಯಚೂರಿನ ಕೋಟೆಯನ್ನು ತೋರಿಸಲು ಹೋಗಿದ್ದೆ. ಕಾಕತೀಯರ ಆಳ್ವಿಕೆಯಲ್ಲಿ, ಕ್ರಿ.ಶ. ೧೨೯೪ರಲ್ಲಿ, ಗೋರೆ ಗನ್ನಯ್ಯರೆಡ್ಡಿಯು ಕಟ್ಟಿಸಿದ ಆ ಕೋಟೆಯ ಗೋಡೆಯಲ್ಲಿ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ತೆಲುಗು ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಕೋಣಗಳ ಸಾಲು ಹೂಡಿದ ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಕೆತ್ತಿದ್ದಾರೆ. ಮಕ್ಕಳಿಗೆ ಶಾಸನಕ್ಕಿಂತ ಆ ಕೋಣಗಳ ಮೇಲೆಯೇ ಹೆಚ್ಚು ಆಸಕ್ತಿ. ಅವರನ್ನು ಕೂಡಿಸಿಕೊಂಡು ವಿಜಯನಗರದ ಪತನದ ಕಥೆಯನ್ನು ಹೇಳಿ ಮುಗಿಸಿದಾಗ ಹಿಂದೆ ಕುಳಿತಿದ್ದ ಹುಡುಗನೊಬ್ಬನು ಎದ್ದು ನಿಂತು, “ಸರ್, ಸೋತಿದ್ದು ಬಯಲಾಗ. ಕೋಟಿ ಹಂಗ ಇತ್ತಲ್ರಿ. ಮತ್ತ ಇದನ್ನ ಯಾಕ ಬಿಟ್ಟುಕೊಟ್ರು?” ಎಂದು ಕೇಳಿದನು.

“ಬಿಟ್ಟುಕೊಡಲಿಲ್ಲ, ಕಸಿದುಕೊಂಡರು” ಎಂದು ನಾನು ಉತ್ತರ ಕೊಟ್ಟೆ. ಪಠ್ಯಪುಸ್ತಕದಲ್ಲಿ ಹಾಗೆಯೇ ಇತ್ತು; ನನಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ನಿವೃತ್ತನಾದ ಮೇಲೆ ಫಿರಿಸ್ತನ ಇತಿಹಾಸದ ಅನುವಾದವನ್ನು ಸಾವಧಾನವಾಗಿ ಓದುವ ಅವಕಾಶ ದೊರೆತಾಗ, ಹುಡುಗನ ಮಾತೇ ಸತ್ಯಕ್ಕೆ ಹತ್ತಿರವಾಗಿತ್ತೆಂದು ಅರಿವಾಯಿತು. ರಾಯಚೂರು, ಮುದಗಲ್ಲುಗಳ ಕೋಟೆಗಳು ಮುತ್ತಿಗೆಯಿಂದ ಬಿದ್ದವೆಂದು ಅವನು ಹೇಳುವುದಿಲ್ಲ. ರಾಮರಾಯನು ಸುಲ್ತಾನರಿಂದ ಕಿತ್ತುಕೊಂಡಿದ್ದ ಸ್ಥಳಗಳನ್ನೆಲ್ಲ ಅವನ ತಮ್ಮನು ಸಂಧಿಯ ಮೂಲಕ ಹಿಂದಿರುಗಿಸಿದನೆಂದೂ, ಅದರಿಂದ ತೃಪ್ತರಾದ ಸುಲ್ತಾನರು ರಾಯಚೂರಿನಲ್ಲಿ ಪರಸ್ಪರ ಬೀಳ್ಕೊಂಡು ತಮ್ಮ ತಮ್ಮ ರಾಜ್ಯಗಳಿಗೆ ತೆರಳಿದರೆಂದೂ ಬರೆಯುತ್ತಾನೆ. ಹಾಗಾದರೆ ಆ ಸಂಧಿಯಲ್ಲಿ ಈ ಎರಡು ಕೋಟೆಗಳನ್ನು ಕೊಡದೆ ಉಳಿಸಿಕೊಳ್ಳುವುದು ಸಾಧ್ಯವಿತ್ತೇ? ಉಳಿಸಿಕೊಂಡಿದ್ದರೆ ಮುಂದೇನಾಗುತ್ತಿತ್ತು? ಸೋತ ಸಾಮ್ರಾಜ್ಯವೊಂದು ತಾನು ಗೆದ್ದಿದ್ದ ಗಡಿನಾಡನ್ನು ಮಾತ್ರ ಕೈಬಿಡದೆ ಹಿಡಿದುಕೊಂಡಿದ್ದರೆ ಎಂಬ ಈ ಊಹೆಯನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದಲ್ಲಿ ‘ಹಾಗಾಗಿದ್ದರೆ’ ಎಂಬ ಮಾತಿಗೆ ಎಡೆಯಿಲ್ಲವೆಂದು ಹಲವರು ಆಕ್ಷೇಪಿಸಬಹುದು. ಆದರೆ ಈ ಬಗೆಯ ವಿಚಾರ ಹೊಸದೇನಲ್ಲ. ಅಲೆಕ್ಸಾಂಡರನು ಪೂರ್ವಕ್ಕೆ ಬರುವ ಬದಲು ಇಟಲಿಯ ಮೇಲೆ ದಂಡೆತ್ತಿದ್ದರೆ ಏನಾಗುತ್ತಿತ್ತೆಂದು ರೋಮಿನ ಇತಿಹಾಸಕಾರ ಲಿವಿಯು ಎರಡು ಸಾವಿರ ವರ್ಷಗಳ ಹಿಂದೆಯೇ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಊಹೆಯು ನಡೆದ ಸಂಗತಿಗಳ ದಡವನ್ನು ಬಿಟ್ಟು ಬಹು ದೂರ ಈಜಬಾರದು ಎಂಬುದಷ್ಟೇ ಇಲ್ಲಿ ಪಾಲಿಸಬೇಕಾದ ನಿಯಮ.

ಮೊದಲು ಆ ಭೂಮಿಯನ್ನು ಕುರಿತು ಎರಡು ಮಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ಇವೆರಡು ನದಿಗಳು ಕೂಡುವವರೆಗಿನ ನಡುನಾಡನ್ನು ಪಾರಸೀಕ ಲೇಖಕರು ‘ದೋಆಬ್’ ಎಂದರು, ನಾವು ದೋಆಬ ಎನ್ನುತ್ತೇವೆ. ಎರೆಯ ಹೊಲಗಳು, ನಡುನಡುವೆ ಕಲ್ಲುಗುಡ್ಡಗಳು, ಬೇಸಗೆಯಲ್ಲಿ ದಂಡು ದಾಟಬಲ್ಲ ಕಡವುಗಳು. ಅಶೋಕನ ಹೆಸರನ್ನು ಸ್ಪಷ್ಟವಾಗಿ ತಿಳಿಸಿಕೊಟ್ಟ ಮಸ್ಕಿಯ ಶಾಸನ ೧೯೧೫ರಲ್ಲಿ ದೊರೆತದ್ದು ಇಲ್ಲಿಯೇ. ಪ್ರಾಚೀನರು ಚಿನ್ನ ತೆಗೆದ ಹಟ್ಟಿಯ ಗಣಿಯಿರುವುದೂ ಇಲ್ಲಿಯೇ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಒಂದಾದ ಕೊಪಣ, ಅಂದರೆ ಇಂದಿನ ಕೊಪ್ಪಳ, ಈ ನಾಡಿನ ಪಶ್ಚಿಮದ ಅಂಚಿನಲ್ಲಿದೆ. ಆದುದರಿಂದ ನಾವು ಗಡಿನಾಡೆಂದು ಕರೆಯುವುದು ಅರಸರ ದೃಷ್ಟಿಯಿಂದ ಮಾತ್ರ. ನುಡಿಯ ದೃಷ್ಟಿಯಿಂದ ಅದು ಗಡಿಯಲ್ಲ, ನಡುಮನೆ.

ಈ ನಾಡಿಗಾಗಿ ನಡೆದ ಕಾಳಗಗಳನ್ನು ಎರಡು ಧರ್ಮಗಳ ಕಾಳಗಗಳೆಂದು ಬಣ್ಣಿಸುವ ರೂಢಿಯೊಂದಿದೆ. ಅದು ಪೂರ್ತಿ ಸರಿಯಲ್ಲ. ಬಹಮನಿ ರಾಜ್ಯ ಹುಟ್ಟುವುದಕ್ಕೆ ಮೂರು ಶತಮಾನ ಮೊದಲೇ ಕಲ್ಯಾಣದ ಚಾಲುಕ್ಯರೂ ತಂಜಾವೂರಿನ ಚೋಳರೂ ಇದೇ ನದಿಗಳ ಸೀಮೆಗಾಗಿ ಹೊಡೆದಾಡಿದ್ದರು. ೧೦೫೪ರ ಕೊಪ್ಪಂ ಕಾಳಗದಲ್ಲಿ ರಾಜಾಧಿರಾಜ ಚೋಳನು ಆನೆಯ ಮೇಲೆಯೇ ಮಡಿದನು. ಇಬ್ಬರೂ ಶಿವಭಕ್ತರೇ. ದಕ್ಷಿಣದಲ್ಲಿ ಒಂದು ದೊಡ್ಡ ರಾಜ್ಯ, ಉತ್ತರದಲ್ಲಿ ಒಂದು ದೊಡ್ಡ ರಾಜ್ಯ ನೆಲೆಗೊಂಡಾಗಲೆಲ್ಲ ನಡುವಿನ ಈ ನೆಲ ರಣರಂಗವಾಗಿದೆ. ೧೩೪೭ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಹಳೆಯ ವ್ಯಾಜ್ಯಕ್ಕೆ ಹೊಸ ಕಕ್ಷಿಗಾರರು ಬಂದರು, ಅಷ್ಟೆ.

ಆ ವ್ಯಾಜ್ಯದ ಸ್ವರೂಪವನ್ನು ಫಿರಿಸ್ತನು ಒಂದು ಕಡೆ ಸೊಗಸಾಗಿ ತಿಳಿಸಿದ್ದಾನೆ. ಬಹಮನಿ ಸುಲ್ತಾನ ಮುಜಾಹಿದನು ಬುಕ್ಕರಾಯನಿಗೆ, ‘ಎರಡು ನದಿಗಳ ನಡುವಣ ಕೋಟೆಗಳು ಇಬ್ಬರ ಕೈಯಲ್ಲೂ ಇರುವುದರಿಂದ ಜಗಳ ತಪ್ಪುವುದಿಲ್ಲ, ನೀವು ತುಂಗಭದ್ರೆಯ ಆಚೆಗೆ ಸರಿಯಿರಿ’ ಎಂಬ ಅರ್ಥದ ಸಂದೇಶ ಕಳುಹಿಸಿದನಂತೆ. ರಾಯಚೂರು ಮುದಗಲ್ಲುಗಳು ಬಹುಕಾಲದಿಂದ ಆನೆಗೊಂದಿಯ ಮನೆತನಕ್ಕೆ ಸೇರಿದವು, ಸರಿಯಬೇಕಾದವರು ನೀವೇ, ಕೃಷ್ಣೆಯೇ ಗಡಿಯಾಗಲಿ ಎಂದು ಬುಕ್ಕನು ಮರುತ್ತರ ಕೊಟ್ಟನಂತೆ. ಮುಂದಿನ ಇನ್ನೂರು ವರ್ಷಗಳ ಯುದ್ಧಗಳೆಲ್ಲ ಈ ಎರಡು ಪತ್ರಗಳ ವ್ಯಾಖ್ಯಾನ ಎನ್ನಬಹುದು. ಸಾಳುವ ನರಸಿಂಹನು ಸಾಯುವಾಗ ತನ್ನ ಉತ್ತರಾಧಿಕಾರಿಗಳು ಗೆಲ್ಲಲೇಬೇಕಾದ ಮೂರು ಕೋಟೆಗಳನ್ನು ಹೆಸರಿಸಿದನೆಂದು ನೂನಿಜನು ಹೇಳುತ್ತಾನೆ. ಅವುಗಳಲ್ಲಿ ರಾಯಚೂರು ಒಂದು.

ಆ ಮಾತನ್ನು ನಡೆಸಿಕೊಟ್ಟವನು ಕೃಷ್ಣದೇವರಾಯ. ೧೫೨೦ರ ಮೇ ತಿಂಗಳಿನಲ್ಲಿ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಅವನು ರಾಯಚೂರನ್ನು ಹಿಡಿದ ವೃತ್ತಾಂತ ಸುಪ್ರಸಿದ್ಧ. ನೂನಿಜನ ಲೆಕ್ಕದಲ್ಲಿ ರಾಯನ ಕಾಲಾಳುಗಳೇ ೭,೦೩,೦೦೦, ಕುದುರೆಗಳು ೩೨,೬೦೦, ಆನೆಗಳು ೫೫೧. ಈ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಅಂತಹ ಸೈನ್ಯ ಮುತ್ತಿಗೆ ಹಾಕಿದರೂ ಕೋಟೆ ಸುಲಭವಾಗಿ ಬೀಳಲಿಲ್ಲ. ಸಹಾಯಕ್ಕೆ ಬಂದ ಸುಲ್ತಾನನೇ ಬಯಲಿನಲ್ಲಿ ಸೋತು ನದಿಯ ಆಚೆಗೆ ಓಡಿದ ಮೇಲೆಯೂ ಒಳಗಿನವರು ಬಾಗಿಲು ತೆರೆಯಲಿಲ್ಲ. ಕ್ರಿಸ್ತೋವಾವ್ ದ ಫಿಗುಯರೇದೋ ಎಂಬ ಪೋರ್ಚುಗೀಸನೂ ಅವನ ಬಂದೂಕುಗಾರರೂ ಗೋಡೆಯ ಮೇಲಿನ ಕಾವಲುಗಾರರನ್ನು ಕೆಡೆದು, ಕೋಟೆಯ ಅಧಿಪತಿಯೇ ಗುಂಡಿಗೆ ಬಲಿಯಾದ ಅನಂತರ ರಾಯಚೂರು ಶರಣಾಯಿತು. ಅಂದರೆ, ಬಯಲಿನ ಸೋಲು ಬೇರೆ, ಕೋಟೆಯ ಸೋಲು ಬೇರೆ ಎಂಬುದಕ್ಕೆ ೧೫೨೦ರ ರಾಯಚೂರೇ ಸಾಕ್ಷಿ. ನನ್ನ ವಿದ್ಯಾರ್ಥಿಯು ತನಗೆ ಅರಿವಿಲ್ಲದೆಯೇ ಈ ಅಂಶವನ್ನು ಮುಟ್ಟಿದ್ದನು.

ಕೃಷ್ಣದೇವರಾಯನು ೧೫೨೯ರಲ್ಲಿ ತೀರಿಕೊಂಡ ಕೂಡಲೇ ದೋಆಬ ಮತ್ತೆ ಬಿಜಾಪುರದ ಪಾಲಾಯಿತು. ಅಚ್ಯುತರಾಯನು ಕೆಲವೇ ವರ್ಷಗಳಲ್ಲಿ ಅದನ್ನು ಮರಳಿ ಪಡೆದನು. ೧೫೫೨ರಲ್ಲಿ ರಾಮರಾಯನು ಅಹಮದನಗರದ ಬುರ್ಹಾನ್ ನಿಜಾಮಶಾಹನೊಡನೆ ಕೂಡಿ ಪುನಃ ರಾಯಚೂರು ಮುದಗಲ್ಲುಗಳನ್ನು ವಶಪಡಿಸಿಕೊಂಡನು. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ಗಡಿಯನ್ನು ಕಾಯುವುದು ರಾಮರಾಯನ ನೀತಿ. ಅದು ಇಪ್ಪತ್ತು ವರ್ಷ ಫಲಿಸಿತು. ೧೫೫೮ರಲ್ಲಿ ಪಟ್ಟಕ್ಕೆ ಬಂದ ಅಲಿ ಆದಿಲಶಾಹನು ರಾಮರಾಯನ ಮಗನು ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಬಂದು ದುಃಖ ಹಂಚಿಕೊಂಡನು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಅದೇ ಅಲಿಯು ಮುಂದೆ ಅಹಮದನಗರದ ಹುಸೇನನ ಮಗಳು ಚಾಂದಬೀಬಿಯನ್ನು ಮದುವೆಯಾಗಿ, ಸೊಲ್ಲಾಪುರವನ್ನು ಬಳುವಳಿಯಾಗಿ ಪಡೆದು, ಒಕ್ಕೂಟವನ್ನು ಬಲಪಡಿಸಿಕೊಂಡ ಮೇಲೆ ರಾಮರಾಯನಲ್ಲಿಗೆ ದೂತನನ್ನು ಕಳುಹಿಸಿದನು. ಅವನ ಬೇಡಿಕೆ: ಯಾದಗಿರಿ, ಬಾಗಲಕೋಟೆ, ರಾಯಚೂರು, ಮುದಗಲ್ಲು, ಈ ನಾಲ್ಕು ಕೋಟೆಗಳನ್ನು ಹಿಂದಿರುಗಿಸಬೇಕು. ದೂತನಿಗೆ ಅವಮಾನವಾಯಿತು, ಯುದ್ಧಕ್ಕೆ ನೆಪ ದೊರೆಯಿತು. ಹೀಗೆ ೧೫೬೫ರ ಮಹಾಯುದ್ಧದ ಮೊದಲ ಪತ್ರದಲ್ಲಿಯೂ ರಾಯಚೂರಿದೆ, ಕೊನೆಯ ಸಂಧಿಯಲ್ಲಿಯೂ ರಾಯಚೂರಿದೆ.

ಯುದ್ಧದ ವಿವರಕ್ಕೆ ಇಲ್ಲಿ ಹೆಚ್ಚು ಹೋಗುವುದಿಲ್ಲ. ೧೫೬೫ರ ಜನವರಿ ೨೩ರಂದು ಅದು ನಡೆಯಿತು. ತಾಳಿಕೋಟೆ ಸುಲ್ತಾನರು ಸೇರಿದ ಸ್ಥಳ. ಕಾದಾಡಿದ್ದು ಕೃಷ್ಣೆಯ ದಡದಲ್ಲಿ. ಇಂಗಳಗಿಯ ಕಡವಿನಲ್ಲಿ ದಾಟಿದ ಸುಲ್ತಾನರ ಸೈನ್ಯ ದಕ್ಷಿಣ ದಂಡೆಯಲ್ಲಿ, ಮುದಗಲ್ಲಿನ ಸೀಮೆಯಲ್ಲಿ ರಾಮರಾಯನನ್ನು ಎದುರಿಸಿತೆಂಬುದು ಸೀವೆಲ್ಲರ ನಿರ್ಣಯ. ಎಂಬತ್ತು ದಾಟಿದ ರಾಮರಾಯನು ಸೆರೆಸಿಕ್ಕಿ ಶಿರಚ್ಛೇದಕ್ಕೆ ಗುರಿಯಾದನು. ತಮ್ಮನಾದ ತಿರುಮಲನು ರಾಜಧಾನಿಗೆ ಓಡಿಬಂದು, ೫೫೦ ಆನೆಗಳ ಮೇಲೆ ಭಂಡಾರವನ್ನು ಹೇರಿಕೊಂಡು, ಹೆಸರಿಗೆ ಮಾತ್ರ ಚಕ್ರವರ್ತಿಯಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಯ ಕಡೆಗೆ ಹೊರಟುಹೋದನು. ಸಂಧಿ ಮಾಡಿಕೊಂಡವನು ಇನ್ನೊಬ್ಬ ತಮ್ಮ ವೆಂಕಟಾದ್ರಿಯೆಂದು ಫಿರಿಸ್ತನು ಬರೆದಿದ್ದಾನೆ. ಆದರೆ ವೆಂಕಟಾದ್ರಿಯು ರಣರಂಗದಲ್ಲಿಯೇ ಮಡಿದನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯವಾದ್ದರಿಂದ, ಈ ಮಾತು ತಿರುಮಲನಿಗೆ ಸಲ್ಲಬೇಕೆಂದು ತೋರುತ್ತದೆ.

ಈಗ ಊಹೆಗೆ ಬರೋಣ. ತಿರುಮಲನು ‘ಬೇರೆಲ್ಲವನ್ನೂ ಕೊಡುತ್ತೇನೆ, ದೋಆಬದ ಎರಡು ಕೋಟೆಗಳನ್ನು ಕೊಡಲಾರೆ’ ಎಂದಿದ್ದರೆ? ಕೇಳಿದೊಡನೆ ಹಾಸ್ಯಾಸ್ಪದವೆನಿಸುತ್ತದೆ. ರಾಜಧಾನಿಯನ್ನೇ ಕಾಯಲಾರದವನು ಗಡಿಯ ಕೋಟೆಯನ್ನು ಹೇಗೆ ಕಾದಾನು? ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು. ಗೆದ್ದವರಲ್ಲಿ ದೋಆಬ ಬೇಕಾಗಿದ್ದುದು ಅಲಿ ಆದಿಲಶಾಹನೊಬ್ಬನಿಗೆ. ಅಹಮದನಗರಕ್ಕೂ ಗೋಲ್ಕೊಂಡಕ್ಕೂ ಅದು ಹೊಂದಿದ ಸೀಮೆಯಲ್ಲ. ಅದಕ್ಕಿಂತ ಹೆಚ್ಚಾಗಿ, ಬಿಜಾಪುರ ಕೊಬ್ಬುವುದು ಅವರಿಗೆ ಇಷ್ಟವಿರಲಿಲ್ಲ. ಎರಡನೆಯದಾಗಿ, ಒಕ್ಕೂಟದ ಪ್ರಮುಖನಾದ ಹುಸೇನ್ ನಿಜಾಮಶಾಹನು ಅದೇ ೧೫೬೫ರ ಜೂನ್‌ನಲ್ಲಿ ತೀರಿಕೊಂಡನು. ಅವನ ಮಗ ಮುರ್ತಜಾ ಇನ್ನೂ ಎಳೆಯವನು. ಮೂರನೆಯ ಸಂಗತಿಯೇ ಮುಖ್ಯವಾದುದು. ಯುದ್ಧವಾದ ಸ್ವಲ್ಪ ಕಾಲದಲ್ಲಿಯೇ ಅಲಿಯು ಆನೆಗೊಂದಿಯಲ್ಲಿ ರಾಮರಾಯನ ಮಗನನ್ನು ಕೂರಿಸುವ ನೆಪದಿಂದ ದಕ್ಷಿಣಕ್ಕೆ ದಂಡೆತ್ತಿದಾಗ, ತಿರುಮಲನ ಕಡೆಯವರು ಸಹಾಯ ಬೇಡಿದ್ದು ಅಹಮದನಗರವನ್ನು! ಮುರ್ತಜಾನ ತಾಯಿ ಖುಂಜಾ ಹುಮಾಯೂನಳು ಸೈನ್ಯದೊಡನೆ ಬಿಜಾಪುರದ ಮೇಲೆ ಸಾಗಿದಳು. ಅಲಿಯು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕಾಯಿತು. ನಿನ್ನೆ ರಾಮರಾಯನ ತಲೆಯನ್ನು ಈಟಿಗೇರಿಸಿದ ಮನೆತನವೇ ಇಂದು ಅವನ ತಮ್ಮನನ್ನು ಕಾಪಾಡಿತು. ರಾಜಕಾರಣ ಎಂಬುದು ಹೀಗೆಯೇ ಇರುತ್ತದೆ.

ಆದುದರಿಂದ, ರಾಯಚೂರಿನ ದುರ್ಗಪಾಲಕನಿಗೆ ಧಾನ್ಯವನ್ನೂ ಮದ್ದುಗುಂಡನ್ನೂ ಒದಗಿಸಿ, ಎರಡು ಮಳೆಗಾಲಗಳನ್ನು ಕಳೆಯುವಂತೆ ತಿರುಮಲನು ಏರ್ಪಾಡು ಮಾಡಿದ್ದರೆ, ಒಕ್ಕೂಟ ತಾನಾಗಿಯೇ ಒಡೆದು, ಕೋಟೆಗಳು ಅವನ ಕೈಯಲ್ಲಿಯೇ ಉಳಿಯುವುದು ಅಸಂಭವವೇನಲ್ಲ. ಸೋತವನು ಗಡಿನಾಡನ್ನು ಉಳಿಸಿಕೊಂಡ ನಿದರ್ಶನ ಅದೇ ಕಾಲದ ದಕ್ಷಿಣದಲ್ಲಿಯೇ ಇತ್ತು. ಕಳಿಂಗದ ಗಜಪತಿ ಪ್ರತಾಪರುದ್ರನು ಉದಯಗಿರಿ, ಕೊಂಡವೀಡು, ಕೊಂಡಪಲ್ಲಿಗಳನ್ನು ಒಂದೊಂದಾಗಿ ಕಳೆದುಕೊಂಡು, ಕೃಷ್ಣದೇವರಾಯನು ಸಿಂಹಾಚಲದವರೆಗೆ ನಡೆದು ಬಂದ ಮೇಲೆ, ಮಗಳನ್ನು ಧಾರೆಯೆರೆದು ಸಂಧಿ ಮಾಡಿಕೊಂಡನು. ಕೃಷ್ಣೆಯ ಉತ್ತರದ ಸೀಮೆಯನ್ನೆಲ್ಲ ರಾಯನು ಅವನಿಗೆ ಹಿಂದಿರುಗಿಸಿದನು. ರಾಜಮಹೇಂದ್ರಿಯ ಆ ಸೀಮೆ ಗಜಪತಿಗಳ ಮೂಲ ನೆಲವಲ್ಲ. ಪ್ರತಾಪರುದ್ರನ ಅಜ್ಜ ಕಪಿಲೇಂದ್ರನು ರೆಡ್ಡಿ ಅರಸರಿಂದ ಗೆದ್ದುಕೊಂಡದ್ದು. ಪೂರ್ಣವಾಗಿ ಸೋತ ಅರಸನೂ ಗೆದ್ದ ಗಡಿನಾಡನ್ನು ಉಳಿಸಿಕೊಂಡನು.

ಉಳಿಸಿಕೊಂಡು ಏನಾಯಿತು ಎಂದು ಕೇಳಬೇಕು. ೧೫೪೦ರಲ್ಲಿ ಪ್ರತಾಪರುದ್ರನು ತೀರಿಕೊಂಡ ಸ್ವಲ್ಪ ಕಾಲದಲ್ಲೇ ಮಂತ್ರಿಯಾಗಿದ್ದ ಗೋವಿಂದ ವಿದ್ಯಾಧರನು ಅವನ ಮಕ್ಕಳನ್ನು ಕೊಂದು ಸಿಂಹಾಸನವನ್ನೇರಿದನು. ೧೫೬೮ರಲ್ಲಿ ಒರಿಸ್ಸವೇ ಬಂಗಾಳದ ಅಫಘನರ ವಶವಾಯಿತು. ೧೫೭೦ರ ದಶಕದ ಆರಂಭದಲ್ಲಿ ರಾಜಮಹೇಂದ್ರಿಯು ಗೋಲ್ಕೊಂಡದವರ ಕೈಸೇರಿತು. ಗಡಿನಾಡು ಉಳಿಯಿತು, ಮನೆತನ ಉಳಿಯಲಿಲ್ಲ. ಈ ನಿದರ್ಶನವನ್ನು ಯಾವ ಕಡೆಗಾದರೂ ವಾದಕ್ಕೆ ಬಳಸಬಹುದು. ನನಗೆ ತೋರುವಂತೆ ಅದು ತಿರುಮಲನ ಪಕ್ಷಕ್ಕೆ ಅನುಕೂಲವಾದುದಲ್ಲ.

ಏಕೆಂದರೆ ಕೋಟೆಯನ್ನು ಕಾಯುವುದು ಗೋಡೆಯಲ್ಲ, ಕುದುರೆ. ಬರಿಯ ಗೋಡೆಯನ್ನು ನಂಬಿದ ದುರ್ಗ ಎರಡು ವರ್ಷ ನಿಲ್ಲಬಹುದು, ಇಪ್ಪತ್ತು ವರ್ಷ ನಿಲ್ಲಲಾರದು. ಬೇಲಿಯಂತೆ ಸುತ್ತುವ ಅಶ್ವದಳ ಅದಕ್ಕೆ ಬೇಕು. ಕುದುರೆಗಳು ಬರುತ್ತಿದ್ದುದು ಅರಬಸ್ಥಾನ ಪಾರಸೀಕಗಳಿಂದ, ಗೋವೆಯ ಮೂಲಕ. ೧೫೬೭ರಲ್ಲಿ ವಿಜಯನಗರದಲ್ಲಿ ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೀಜರ್ ಫ್ರೆಡರಿಕನು ಬರೆದಿಟ್ಟ ಸಂಗತಿಯೊಂದಿದೆ. ಹಾಳಾದ ನಗರವನ್ನು ಮತ್ತೆ ತುಂಬಿಸಲು ಯತ್ನಿಸುತ್ತಿದ್ದ ತಿರುಮಲನು, ಒಳ್ಳೆಯ ಬೆಲೆ ಕೊಡುತ್ತೇನೆಂದು ಹೇಳಿ ಗೋವೆಯ ಕಡೆಯಿಂದ ಕುದುರೆಗಳನ್ನು ತರಿಸಿಕೊಂಡನು. ಬಂದ ಕುದುರೆಗಳನ್ನು ತೆಗೆದುಕೊಂಡು, ವರ್ತಕರನ್ನು ಬರಿಗೈಯಲ್ಲಿ ಕಳುಹಿಸಿದನು! ಐನೂರೈವತ್ತು ಆನೆಗಳ ಭಂಡಾರವೆಲ್ಲಿ ಹೋಯಿತೆಂದು ಓದುಗರು ಕೇಳಬಹುದು. ಭಂಡಾರವಿದ್ದೂ ಕೊಡದಿದ್ದರೆ ಅದು ಅಪಕೀರ್ತಿ. ಇಲ್ಲದ್ದರಿಂದ ಕೊಡದಿದ್ದರೆ ಅದು ದಾರಿದ್ರ್ಯ. ಯಾವುದಾದರೂ ಸರಿ, ಮರುವರ್ಷ ಆ ವರ್ತಕರು ಹೆಬ್ಬಾಗಿಲಿಗೆ ಬರುವಂತಿರಲಿಲ್ಲ. ಅದೇ ವರ್ಷ ತಿರುಮಲನು ನಗರವನ್ನು ತೊರೆದು ಪೆನುಕೊಂಡೆಯಲ್ಲಿ ನೆಲೆಸಿದನು.

ಇನ್ನೊಂದು ಮಾತು. ದೋಆಬ ಉಳಿದಿದ್ದರೆ ಬಿಜಾಪುರದ ದಂಡಯಾತ್ರೆ ನಿಲ್ಲುತ್ತಿತ್ತೇ? ಅಲಿಯು ಮುಂದೆ ಹಿಡಿದ ಸ್ಥಳಗಳನ್ನು ನಕಾಶೆಯಲ್ಲಿ ಗುರುತಿಸಿ ನೋಡಿದರೆ ಉತ್ತರ ಹೊಳೆಯುತ್ತದೆ. ಪೂರ್ವದಲ್ಲಿ ಆದವಾನಿ; ಪಶ್ಚಿಮದಲ್ಲಿ ತೊರಗಲ್ಲು, ಧಾರವಾಡ, ಬಂಕಾಪುರ. ಆದವಾನಿಗೆ ಹೋಗಲು ರಾಯಚೂರು ಹೆಬ್ಬಾಗಿಲು. ಆ ದಾರಿ ಮುಚ್ಚುತ್ತಿತ್ತು, ನಿಜ. ಆದರೆ ತೊರಗಲ್ಲು ಬಂಕಾಪುರಗಳ ದಾರಿ ದೋಆಬವನ್ನು ಎಡಕ್ಕೆ ಬಿಟ್ಟು ಮಲಪ್ರಭೆಯ ಸೀಮೆಯಲ್ಲಿ ಸಾಗುತ್ತದೆ. ಬಂಕಾಪುರ ಬಿದ್ದರೆ ಮುದಗಲ್ಲು ರಾಯಚೂರುಗಳು ಮೂರು ಕಡೆಯಿಂದಲೂ ಬಿಜಾಪುರದ ನೆಲದಿಂದ ಸುತ್ತುವರಿದ ದ್ವೀಪಗಳಾಗುತ್ತಿದ್ದವು. ೧೫೭೬ರಲ್ಲಿ ಅಲಿಯು ಪೆನುಕೊಂಡೆಗೇ ಮುತ್ತಿಗೆ ಹಾಕಿ ವಿಫಲನಾದನು. ರಾಜಧಾನಿಯನ್ನು ಕಾಪಾಡಲು ಆಗ ಬೇಕಾದ ಸೈನ್ಯದಲ್ಲಿ ಒಂದು ಪಾಲು ಸುಮಾರು ನೂರೈವತ್ತು ಮೈಲಿ ಉತ್ತರದ ಕೋಟೆಗಳಲ್ಲಿ ಸಿಕ್ಕಿಬಿದ್ದಿದ್ದರೆ, ಪೆನುಕೊಂಡೆಯೂ ಉಳಿಯುತ್ತಿತ್ತೋ ಇಲ್ಲವೋ. ಹಾಗೆ ನೋಡಿದರೆ ತಿರುಮಲನು ಕೋಟೆಗಳನ್ನು ಕೊಟ್ಟು ಉಳಿದ ರಾಜ್ಯವನ್ನು ಕೊಂಡನು. ಅವನ ಮಗ ಇಮ್ಮಡಿ ವೆಂಕಟಪತಿಯು ೧೬೧೪ರವರೆಗೆ ಚಂದ್ರಗಿರಿ ವೇಲೂರುಗಳಿಂದ ಆಳಿ ಆ ವಂಶಕ್ಕೆ ಮತ್ತೆ ಸ್ವಲ್ಪ ಕಳೆ ತಂದನು.

ಮರೆಯಬಾರದ ಮತ್ತೊಂದು ಪಕ್ಷವೂ ಇದೆ. ಕೇಂದ್ರ ದುರ್ಬಲವಾದುದರಿಂದಲೇ ಕೆಳದಿಯ ನಾಯಕರೂ ಮೈಸೂರಿನ ಒಡೆಯರೂ ತಲೆಯೆತ್ತಿದರು. ರಾಜ ಒಡೆಯನು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದದ್ದು ವಿಜಯನಗರದ ಪ್ರತಿನಿಧಿಯಿಂದ. ದೋಆಬವನ್ನು ಕಾಯುವ ವೆಚ್ಚಕ್ಕಾಗಿ ಪೆನುಕೊಂಡೆಯ ಅರಸನು ಈ ನಾಯಕರಿಂದ ಇಮ್ಮಡಿ ಕಪ್ಪವನ್ನು ಕೇಳಬೇಕಾಗುತ್ತಿತ್ತು; ಅವರು ಇನ್ನೂ ಬೇಗ ಸಿಡಿದು ಹೋಗುತ್ತಿದ್ದರೋ, ಇಲ್ಲವೇ ಬಗ್ಗಿ ಬಡವಾಗುತ್ತಿದ್ದರೋ ಹೇಳುವುದು ಕಷ್ಟ. ಕೆಳದಿಯ ಆಸ್ಥಾನವಿಲ್ಲದಿದ್ದರೆ ೧೭೦೯ರಲ್ಲಿ ಬಸವಪ್ಪನಾಯಕನು ರಚಿಸಿದ ‘ಶಿವತತ್ತ್ವರತ್ನಾಕರ’ದಂತಹ ವಿಶ್ವಕೋಶ ಹುಟ್ಟುತ್ತಿರಲಿಲ್ಲ ಎಂಬುದನ್ನಂತೂ ಹೇಳಬಹುದು.

ಈ ಪತ್ರಿಕೆಯ ವಾಚಕರಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ ಇನ್ನೊಂದು. ರಾಜ್ಯ ಉಳಿದಿದ್ದರೆ ಆ ನಾಡಿನ ನುಡಿಯೂ ಶರಣಸಾಹಿತ್ಯವೂ ಹೆಚ್ಚು ಚೆನ್ನಾಗಿ ಉಳಿಯುತ್ತಿದ್ದವಲ್ಲವೇ? ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣದಂಡೇಶ, ಚಾಮರಸ, ನೂರೊಂದು ವಿರಕ್ತರು ವಚನಗಳಿಗೆ ಮಾಡಿದ ಸೇವೆಯನ್ನು ನೆನೆದರೆ ಹಾಗೆನ್ನಿಸುವುದು ಸ್ವಾಭಾವಿಕ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ನಡೆದ ಸಂಗತಿಗಳು ಬೇರೆಯೇ ಹೇಳುತ್ತವೆ. ನಗರ ಹಾಳಾದ ಹತ್ತೊಂಬತ್ತು ವರ್ಷಗಳ ಮೇಲೆ, ೧೫೮೪ರಲ್ಲಿ, ಹಂಪೆಯ ನಂಟುಳ್ಳ ವಿರೂಪಾಕ್ಷಪಂಡಿತನು ‘ಚೆನ್ನಬಸವಪುರಾಣ’ವನ್ನು ಮುಗಿಸಿದನು. ಕೃಷ್ಣೆಯ ಆಚೆ ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳು ಬೆಳೆದು ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ಓಲೆಗಳನ್ನು ಅರಸುತ್ತ ಅಲೆದದ್ದು ಎಲ್ಲಿ? ಬಿಜಾಪುರ, ರಬಕವಿ, ಬನಹಟ್ಟಿಗಳ ಕಡೆಯ ಮನೆಮಠಗಳಲ್ಲಿ. ೧೯೨೩ರಲ್ಲಿ ಅಚ್ಚಾದ ‘ವಚನಶಾಸ್ತ್ರಸಾರ’ದ ಹಿಂದಿರುವ ಸಂಗ್ರಹದಲ್ಲಿ ಬಹುಪಾಲು, ಒಂದು ಕಾಲಕ್ಕೆ ಆದಿಲಶಾಹರ ನೆಲವಾಗಿದ್ದ ಊರುಗಳ ಜನ ಜಗಲಿಯ ಮೇಲಿಟ್ಟು ಪೂಜಿಸಿ ಕಾಪಾಡಿದ್ದು. ದೋಆಬದಲ್ಲಿಯೇ ಮುಂದೆ ದಾಸಸಾಹಿತ್ಯದ ದೊಡ್ಡ ಬೆಳೆ ಬಂದಿತು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಮೂವರೂ ಹುಟ್ಟಿದ್ದು ಈ ಸೀಮೆಯಲ್ಲಿ, ವಿಜಯನಗರದ ಧ್ವಜ ಇಲ್ಲಿಂದ ಇಳಿದು ನೂರಾರು ವರ್ಷಗಳಾದ ಮೇಲೆ. ಬಿಜಾಪುರದ ಇಮ್ಮಡಿ ಇಬ್ರಾಹಿಮನಾದರೋ ತನ್ನ ‘ಕಿತಾಬೆ ನವರಸ’ದಲ್ಲಿ ಸರಸ್ವತಿಯನ್ನು ನೆನೆದವನು.

ಹಾಗೆಂದ ಮಾತ್ರಕ್ಕೆ ಸೋಲಿನಿಂದ ನಷ್ಟವೇ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ನಷ್ಟವಾದದ್ದು ಬೇರೆ ಕಡೆಯಲ್ಲಿ, ತುಂಬ ತಡವಾಗಿ. ೧೬೮೬ರಲ್ಲಿ ಔರಂಗಜೇಬನು ಬಿಜಾಪುರವನ್ನು ಹಿಡಿದನು; ೧೭೨೪ರ ಅನಂತರ ದೋಆಬ ಹೈದರಾಬಾದಿನ ನಿಜಾಮರಿಗೆ ಸೇರಿತು. ೧೮೦೦ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ, ಮುಜಾಹಿದನು ಬುಕ್ಕನಿಗೆ ಬರೆದ ಪತ್ರ ನಾಲ್ಕು ಶತಮಾನಗಳ ಮೇಲೆ ಫಲಿಸಿದಂತಾಯಿತು: ತುಂಗಭದ್ರೆಯೇ ಗಡಿಯಾಯಿತು. ಹಂಪೆ ಮದರಾಸಿಗೆ, ಎದುರು ದಂಡೆಯ ಆನೆಗೊಂದಿ ಹೈದರಾಬಾದಿಗೆ. ೧೮೫೩ರ ಒಪ್ಪಂದದಿಂದ ದೋಆಬವೂ ಇಂಗ್ಲಿಷರ ಆಡಳಿತಕ್ಕೆ ಬಂದಿತು. ಆದರೆ ೧೮೫೭ರ ದಂಗೆಯಲ್ಲಿ ನಿಜಾಮನು ತೋರಿದ ನಿಷ್ಠೆಗೆ ಉಡುಗೊರೆಯಾಗಿ ೧೮೬೦ರಲ್ಲಿ ಅದನ್ನು ಹಿಂದಿರುಗಿಸಿದರು. ಏೞು ವರ್ಷದ ಆ ಆಳ್ವಿಕೆ ಮುಂದುವರಿದಿದ್ದರೆ ಎಂಬುದು ೧೫೬೫ಕ್ಕಿಂತ ಹೆಚ್ಚು ವಿಚಾರಯೋಗ್ಯವಾದ ಊಹೆಯೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದನ್ನು ಬರೆಯಬೇಕಾದವರು ಕಂದಾಯ, ಶಾಲೆಗಳ ಲೆಕ್ಕ ಬಲ್ಲವರು. ಒಂದೇ ಮಾತನಾಡುವ ಜನ ಹೊಳೆಯ ಈಚೆ ಒಂದು ನಾಣ್ಯ, ಆಚೆ ಇನ್ನೊಂದು ನಾಣ್ಯ, ಈಚೆ ಕಚೇರಿಯ ಭಾಷೆ ಇಂಗ್ಲಿಷು, ಆಚೆ ಉರ್ದು ಎಂಬಂತೆ ಬದುಕಿದರು.

ಅದರ ಪರಿಣಾಮವನ್ನು ಹೊಳೆಯ ನೀರಿನಲ್ಲಿಯೇ ಕಾಣಬಹುದು. ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟುವ ವಿಚಾರ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಒಂದು ದಂಡೆ ಮದರಾಸಿನದು, ಇನ್ನೊಂದು ನಿಜಾಮರದು. ಅವರಿಬ್ಬರೂ ಒಪ್ಪಂದಕ್ಕೆ ಬಂದದ್ದು ೧೯೪೪ರಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನಡೆದಾಗ ಎಡದಂಡೆಯಲ್ಲಿ ಹೈದರಾಬಾದಿನ ಯುವರಾಜನೂ ಬಲದಂಡೆಯಲ್ಲಿ ಮದರಾಸಿನ ಗವರ್ನರನೂ ಬೇರೆ ಬೇರೆಯಾಗಿ ಕಲ್ಲಿಟ್ಟರು. ೧೯೫೩ರಲ್ಲಿ ನೀರು ನಿಂತಿತು. ೧೯೫೬ರ ನವೆಂಬರ್ ೧ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದವು.

ಆ ಹುಡುಗನನ್ನು ಮತ್ತೆ ಕಂಡದ್ದು ಕೆಲವು ವರ್ಷಗಳ ಹಿಂದೆ, ಸಿಂಧನೂರಿನ ಸಮೀಪದ ಒಂದು ಮದುವೆಯಲ್ಲಿ. ಈಗ ಅವನು ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಬತ್ತ ಬೆಳೆಯುವ ರೈತ. ಅಂದು ನಾನು ಕೊಟ್ಟ ಉತ್ತರ ತಪ್ಪೆಂದೂ, ಕೋಟೆಯನ್ನು ಬಿಟ್ಟುಕೊಟ್ಟದ್ದೇ ನಿಜವೆಂದೂ, ಹಿಡಿದುಕೊಂಡಿದ್ದರೆ ಎರಡು ವರ್ಷ ನಿಲ್ಲಬಹುದಿತ್ತು, ಇಪ್ಪತ್ತು ವರ್ಷ ನಿಲ್ಲುತ್ತಿರಲಿಲ್ಲವೆಂದೂ ಊಟದ ಪಂಕ್ತಿಯಲ್ಲಿ ಕುಳಿತು ಅವನಿಗೆ ವಿವರಿಸಿದೆ. ಅವನು ಆ ಪ್ರಶ್ನೆಯನ್ನು ಮರೆತಿದ್ದನು. ಕೋಣಗಳು ಎಳೆಯುತ್ತಿದ್ದ ಆ ಕಲ್ಲು ಮಾತ್ರ ನೆನಪಿತ್ತು. “ಅಷ್ಟ ದೊಡ್ಡ ಕಲ್ಲ ಎಳಿಯಾಕ ಎಷ್ಟ ಜೋಡಿ ಇದ್ದಾವ್ರಿ ಸರ್?” ಎಂದು ಕೇಳಿದನು. ನಾನು ಎಣಿಸಿರಲಿಲ್ಲ.